ರೋಗಿಯ ಮಾತು ಕೋಣೆಯಾಚೆ ಹೋಗದಿರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈ ಪತ್ರದಲ್ಲಿ ಹೊಸ ಕಟ್ಟಡವನ್ನಾಗಲಿ, ದುಬಾರಿ ಯಂತ್ರವನ್ನಾಗಲಿ ಕೇಳುತ್ತಿಲ್ಲ. ರೋಗಿ ತನ್ನ ಕಾಯಿಲೆಯ ಬಗ್ಗೆ ಹೇಳಿಕೊಂಡ ಮಾತು ಚಿಕಿತ್ಸೆ ಕೊಡುವವರ ಹತ್ತಿರವೇ ಉಳಿಯಬೇಕು. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಉಳಿಯುತ್ತಿಲ್ಲ. ಉಳಿಯುವ ಹಾಗೆ ಮಾಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾವುದಾದರೂ ತಾಲೂಕು ಆಸ್ಪತ್ರೆಯ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ), ಯಾರಿಗೂ ಹೇಳದೆ, ಹೋಗಿ ನಿಂತು ನೋಡಿ. ಡಾಕ್ಟರ ಮೇಜಿನ ಸುತ್ತ ಒಂದೇ ಸಲ ಐದಾರು ಜನ ಇರುತ್ತಾರೆ. ಒಬ್ಬರು ಸ್ಟೂಲಿನ ಮೇಲೆ ಕೂತು ತೊಂದರೆ ಹೇಳಿಕೊಳ್ಳುತ್ತಿದ್ದರೆ ಉಳಿದವರು ಚೀಟಿ ಹಿಡಿದು ಬೆನ್ನ ಹಿಂದೆಯೇ ನಿಂತಿರುತ್ತಾರೆ. ಕದ್ದು ಕೇಳಬೇಕು ಅಂತೇನಲ್ಲ, ನಿಲ್ಲೋಕೆ ಬೇರೆ ಜಾಗ ಇಲ್ಲ. ಅವರಲ್ಲಿ ಪಕ್ಕದ ಬೀದಿಯವರು ಇರಬಹುದು, ಮಗಳನ್ನು ಕೊಟ್ಟ ಮನೆಯವರೂ ಇರಬಹುದು. ಬಿಳಿ ಹೋಗುತ್ತಿದೆ, ಕೆಳಗೆ ಉರಿ ಅಂತ ಹೇಳಲು ಬಂದ ಹೆಂಗಸು ಅಷ್ಟು ಜನರ ಮುಂದೆ ಬಾಯಿ ಬಿಡುತ್ತಾಳಾ? "ಸೊಂಟ ನೋವು ಡಾಕ್ಟ್ರೇ" ಅಂತಾಳೆ. ನೋವಿನ ಮಾತ್ರೆ ಬರೆದು ಕಳಿಸುತ್ತಾರೆ. ಆಮೇಲೆ ಇಂಜೆಕ್ಷನ್ ರೂಮಿಗೆ ಬಂದು ನಮ್ಮ ಕಿವಿಯ ಹತ್ತಿರ ಬಾಗಿ ನಿಜ ಹೇಳುತ್ತಿದ್ದರು. ಮತ್ತೆ ಒಳಗೆ ಹೋಗಿ ಹೇಳಮ್ಮಾ ಅಂದರೆ, "ಬೇಡ ಸಿಸ್ಟರ್, ನಮ್ಮೂರೋರು ಇದ್ದಾರೆ" ಅಂತ ಮಾತ್ರೆ ತಗೊಂಡು ಹೊರಟುಬಿಡುತ್ತಿದ್ದರು.

ಗಂಡನಿಂದ ಏಟು ತಿಂದವಳು ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಾಳೆ. ದಿನಾ ಕುಡಿಯುವವನು ಯಾವಾಗಲೋ ಒಮ್ಮೆ ಅನ್ನುತ್ತಾನೆ. ಮದುವೆಯಾಗದ ಹುಡುಗಿ ಮುಟ್ಟು ನಿಂತದ್ದನ್ನು ಹೇಳುವುದೇ ಇಲ್ಲ. ಇವರು ಸುಳ್ಳುಗಾರರಲ್ಲ. ನಾವು ನಿಜ ಹೇಳುವ ಜಾಗ ಕೊಟ್ಟಿಲ್ಲ. ನಿಜ ಗೊತ್ತಾಗದೆ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಏನು ಮಾಡಲು ಸಾಧ್ಯ? ಹಾಗಾಗಿ ಇದನ್ನು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳಬೇಡಿ. ಇದು ಚಿಕಿತ್ಸೆಯ ಪ್ರಶ್ನೆ.

ಖಾಸಗಿತನ ಅನ್ನುವುದು ಓದಿದವರ, ಬೆಂಗಳೂರಿನವರ ಚಿಂತೆ ಅನ್ನುವ ಮಾತನ್ನು ನಾನು ತುಂಬಾ ಕೇಳಿದ್ದೇನೆ. ಅದನ್ನು ಒಪ್ಪಲಾರೆ. ದೊಡ್ಡ ಊರಿನಲ್ಲಿ ಪಕ್ಕದ ಬೆಂಚಿನವರು ಯಾರೋ ಏನೋ. ಸಣ್ಣ ಊರಿನಲ್ಲಿ ಲ್ಯಾಬಿನ ಹುಡುಗ, ಔಷಧಿ ಕೊಡುವವರು, ಆಂಬುಲೆನ್ಸ್ ಓಡಿಸುವವರು ಎಲ್ಲರಿಗೂ ನಿಮ್ಮ ಮನೆ ಗೊತ್ತು. ಗುಟ್ಟು ಜಾಸ್ತಿ ಬೇಕಿರುವುದು ಅಂಥ ಕಡೆಯೇ.

ಎಚ್‌ಐವಿ ವಿಷಯದಲ್ಲಿ ಕಾನೂನು ಬಹಳ ಸ್ಪಷ್ಟವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ, ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಹಾಗೆಯೇ ಒಪ್ಪಿಗೆ ಇಲ್ಲದೆ ಯಾರಿಗೂ ತಿಳಿಸುವಂತಿಲ್ಲ. ಆಸ್ಪತ್ರೆಯ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರವಾದ ಐಸಿಟಿಸಿಯಲ್ಲಿ ಆಪ್ತಸಮಾಲೋಚಕರು ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಮಾತಾಡಿಸುತ್ತಾರೆ. ಗುಟ್ಟು ಕಾಯುವುದರಲ್ಲಿ ಇಡೀ ಆಸ್ಪತ್ರೆಗೆ ಮಾದರಿಯಾಗಬಲ್ಲ ಕೋಣೆ ಅದು. ಆದರೆ ಅದೇ ವ್ಯಕ್ತಿ ನಾಳೆ ಕಾಲು ಮುರಿದುಕೊಂಡು ವಾರ್ಡಿಗೆ ಬಂದರೆ ಕಥೆ ಬೇರೆ. ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ದಪ್ಪಗೆ "ರಿಯಾಕ್ಟಿವ್" (ಅಂದರೆ ಎಚ್‌ಐವಿ ಪತ್ತೆಯಾಗಿದೆ) ಅಂತ ಬರೆದು ಮಂಚಕ್ಕೆ ನೇತುಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೋಡಲು ಬಂದ ನೆಂಟರು ಮೊದಲು ಓದುವುದು ಅದನ್ನೇ. ಸಿಬ್ಬಂದಿಯ ಸುರಕ್ಷತೆಗೆ ಬರೆಯುತ್ತೇವೆ ಅನ್ನುತ್ತಾರೆ. ಕೈಗವಸು ಹಾಕುವುದು, ಸೂಜಿ ಎಚ್ಚರದಿಂದ ಬಿಸಾಕುವುದು ಎಲ್ಲ ರೋಗಿಗಳಿಗೂ ಒಂದೇ ಥರ ಇರಬೇಕು ಅಂತ ನಮಗೆ ಕಲಿಸಿದ್ದಾರೆ. ಪರೀಕ್ಷೆಯೇ ಆಗದವರಲ್ಲೂ ಸೋಂಕು ಇರಬಹುದು ಅಲ್ವಾ? ಆ ಕೆಂಪು ಬರಹ ಯಾವ ಸಿಸ್ಟರನ್ನೂ ಕಾಪಾಡುವುದಿಲ್ಲ.

ಇದರ ಫಲ ಏನು ಗೊತ್ತೇ? ಎಚ್‌ಐವಿ ಮಾತ್ರೆ ಹತ್ತಿರದ ಎಆರ್‌ಟಿ ಕೇಂದ್ರದಲ್ಲೇ ಪುಕ್ಕಟೆ ಸಿಗುತ್ತಿದ್ದರೂ ಗುರುತಿನವರ ಕಣ್ಣಿಗೆ ಬೀಳಬಾರದು ಅಂತ ಬೇರೆ ಜಿಲ್ಲೆಗೆ ಬಸ್ಸು ಹತ್ತುವವರು ಇದ್ದಾರೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ಮಳೆಗಾಲದಲ್ಲೋ ಸುಗ್ಗಿಯಲ್ಲೋ ಒಂದು ಸಲ ಹೋಗಲಾಗದಿದ್ದರೆ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪುತ್ತಾ ಹೋದರೆ ವೈರಸ್ ಆ ಔಷಧಿಗೆ ಬಗ್ಗದಂತಾಗುತ್ತದೆ. ಬಾಯಿ ಜಾರಿದ ಒಂದು ಮಾತಿನಿಂದ ಶುರುವಾದದ್ದು ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಮಾನಸಿಕ ಕಾಯಿಲೆಯದ್ದೂ ಇದೇ ಪಾಡು. ನಮ್ಮ ರಾಜ್ಯದ ಮನೋಚೈತನ್ಯ ಕ್ಲಿನಿಕ್ ನನಗೆ ಹೆಮ್ಮೆ ತರುವ ಕಾರ್ಯಕ್ರಮ. ಮಂಗಳವಾರ ಜಿಲ್ಲೆಯಿಂದ ತಂಡ ತಾಲೂಕು ಆಸ್ಪತ್ರೆಗೇ ಬರುತ್ತದೆ. ಆದರೆ ಮಂಗಳವಾರ ಇಂಥ ಬೆಂಚಿನ ಮೇಲೆ ಕೂತವರು ಯಾತಕ್ಕೆ ಬಂದಿದ್ದಾರೆ ಅಂತ ಊರಿಗೆಲ್ಲ ಗೊತ್ತಾಗಿಬಿಟ್ಟರೆ ಬರುವವರು ಹಿಂಜರಿಯುತ್ತಾರೆ. ಆ ರೋಗಿಗಳನ್ನು ಬೇರೆ ಓಪಿಡಿಯವರ ಜೊತೆ ಒಂದೇ ಕಡೆ ಕೂರಿಸಿ, ಟೋಕನ್ ನಂಬರಿನಿಂದ ಕರೆದರೆ ಸಾಕು. ಇದಕ್ಕೆ ದುಡ್ಡು ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಯುವುದನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಚಿಕಿತ್ಸೆಯಲ್ಲಿರುವವರ ಫೋಟೋ, ವಿವರವನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತ 24ನೇ ಸೆಕ್ಷನ್ ಹೇಳುತ್ತದೆ.

ಫೋಟೋ ಅಂದಾಗ ಕ್ಷಯರೋಗಿಗಳ ವಿಷಯ ಹೇಳಲೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ದಾನಿಗಳು ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುತ್ತಾರೆ. ಒಳ್ಳೆಯ ಕೆಲಸ, ಅನುಮಾನವೇ ಇಲ್ಲ. ಹೊಟ್ಟೆ ತುಂಬ ಊಟ ಇಲ್ಲದೆ ಟಿಬಿ ಮಾತ್ರೆ ನುಂಗುವುದು ಎಷ್ಟು ಕಷ್ಟ ಅಂತ ನಾವು ನೋಡಿದ್ದೇವೆ. ಆದರೆ ಕಿಟ್ ಕೊಡುವಾಗ ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಬ್ಯಾನರ್ ಕಟ್ಟಿ ಫೋಟೋ ತೆಗೆಯುತ್ತಾರೆ. ಸಂಜೆಗೆ ಅದು ವಾಟ್ಸಾಪ್‌ನಲ್ಲಿ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ. ಆ ಸಾಲಿನಲ್ಲಿ ಮದುವೆ ಗೊತ್ತಾಗಬೇಕಾದ ಹುಡುಗಿ ಇರುತ್ತಾಳೆ. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗ ಇರುತ್ತಾನೆ. ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೆ ಕೆಲವೇ ವಾರಗಳಲ್ಲಿ ಸೋಂಕು ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕೆಲಸ ಮಾತ್ರ ಆ ಫೋಟೋದಿಂದಲೇ ಹೋಗುತ್ತದೆ. "ಒಪ್ಪಿಗೆ ಕೇಳಿದ್ವಿ, ಹೂಂ ಅಂದ್ರು" ಅನ್ನುತ್ತಾರೆ. ಆಹಾರದ ಕಿಟ್ ಕೈಗೆ ಬರುವ ಹೊತ್ತಿನಲ್ಲಿ, ಸಾಹೇಬರ ಮುಂದೆ ನಿಂತು ಇಲ್ಲ ಅನ್ನುವ ಧೈರ್ಯ ಯಾರಿಗಿದೆ? ದಾನಿಗಳ ಫೋಟೋ ತೆಗೆಯಲಿ, ಕಿಟ್‌ಗಳ ಫೋಟೋ ತೆಗೆಯಲಿ. ರೋಗಿಯ ಮುಖ ಬೇಡ. ಇದೊಂದು ಆದೇಶ ತಾವು ನಾಳೆಯೇ ಹೊರಡಿಸಬಹುದು.

ಮನೆಯವರಿಗೆ ಹೇಳುವ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮಲ್ಲಿ ಯಾರೂ ಒಂಟಿಯಾಗಿ ಆಸ್ಪತ್ರೆಗೆ ಬರುವುದಿಲ್ಲ. ಗಂಡ, ಅತ್ತೆ, ಅಣ್ಣ ಯಾರಾದರೂ ಜೊತೆಗಿರುತ್ತಾರೆ. ಅದು ನಮ್ಮ ಬಲವೂ ಹೌದು. ರಾತ್ರಿಯಿಡೀ ಮಂಚದ ಪಕ್ಕ ಚಾಪೆ ಹಾಸಿ ಮಲಗುವವರು ಅವರೇ. ಆದರೆ ಡಾಕ್ಟರು ರಿಪೋರ್ಟ್ ಹಿಡಿದು ಬಂದಾಗ ಮಾತಾಡುವುದು ಅವರ ಜೊತೆಗೇ. ರೋಗಿ ಮಂಚದ ಮೇಲೆ ಮಲಗಿಕೊಂಡು ಮುಖ ನೋಡುತ್ತಿರುತ್ತಾಳೆ. ಗರ್ಭಕೋಶ ತೆಗೆಯಬೇಕು ಅನ್ನುವುದು ಮೊದಲು ಗಂಡನಿಗೆ ಗೊತ್ತಾಗುತ್ತದೆ. ಅಮ್ಮನಿಗೆ ಕ್ಯಾನ್ಸರ್ ಅಂತ ಮಗನಿಗೆ, ಮಗನಿಂದ ಇಡೀ ಕುಟುಂಬಕ್ಕೆ ಗೊತ್ತಾಗಿ, ಅಮ್ಮನಿಗೆ ಕೊನೆಗೆ. "ಅಮ್ಮಂಗೆ ಹೇಳ್ಬೇಡಿ ಸಿಸ್ಟರ್, ತಡ್ಕೊಳ್ಳಲ್ಲ" ಅಂತ ಮಕ್ಕಳು ಕೈ ಹಿಡಿದು ಬೇಡಿಕೊಂಡಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದನ್ನು ನಾನು ಅರಿಯದವಳಲ್ಲ. ಆದರೂ ಆ ದೇಹ ಅವರಮ್ಮನದು. ದಾಖಲು ಮಾಡಿಕೊಳ್ಳುವಾಗಲೇ, ಜೊತೆಗಿರುವವರನ್ನು ಎರಡು ನಿಮಿಷ ಹೊರಗೆ ಕಳಿಸಿ ಒಂದು ಪ್ರಶ್ನೆ ಕೇಳಬೇಕು: "ನಿಮ್ಮ ಕಾಯಿಲೆ ವಿಷಯ ಯಾರಿಗೆ ಹೇಳಬಹುದು, ಯಾರಿಗೆ ಬೇಡ?" ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಎಲ್ಲ ಮಗನಿಗೇ ಹೇಳಿ ಅಂದರೆ ಅದೂ ಅವರ ಇಷ್ಟವೇ. ಕೇಳಿರಬೇಕು ಅಷ್ಟೇ. ಕೇಳಿದಾಗ ಎಷ್ಟೋ ಹೆಂಗಸರು "ನನ್ನನ್ನ ಕೇಳ್ತಿದೀರಾ?" ಅಂತ ಕಣ್ಣರಳಿಸುತ್ತಿದ್ದರು.

ಯಾರಿಗೂ ಏನೂ ಹೇಳಬೇಡಿ ಅಂತ ನಾನು ವಾದಿಸುತ್ತಿಲ್ಲ. ಎದೆನೋವು ಅಂತ ಬಂದವರ ಇಸಿಜಿಯನ್ನು ತಾಲೂಕು ಆಸ್ಪತ್ರೆಯಿಂದ ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರಿಗೆ ನಿಮಿಷಗಳಲ್ಲಿ ಮುಟ್ಟಿಸುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಜೀವ ಉಳಿಸುತ್ತದೆ. ಕ್ಷಯರೋಗವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಚ್‌ಐವಿ ಕಾಯ್ದೆಯೂ, ಸಮಾಲೋಚನೆ ಆದ ಮೇಲೂ ರೋಗಿ ಸಂಗಾತಿಗೆ ಹೇಳುವುದಿಲ್ಲ ಅಂತ ಕಂಡರೆ, ಡಾಕ್ಟರು ಸಂಗಾತಿಗೆ ತಿಳಿಸಬಹುದು ಅನ್ನುತ್ತದೆ. ಹೇಳಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಗೆ ಹಾಕಬಹುದು ಅನ್ನುವ ಭಯ ಇದ್ದರೆ ಹೇಳಬಾರದು ಅಂತಲೂ, ಹೆಂಗಸರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು, ಅದೇ ಕಾಯ್ದೆ ಹೇಳಿದೆ. ಎಷ್ಟು ಯೋಚನೆ ಮಾಡಿ ಬರೆದಿದ್ದಾರೆ ನೋಡಿ. ಯಾರಿಗೆ, ಯಾಕೆ, ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ ಹೇಳುವುದಕ್ಕೂ, ರೋಗಿಯ ಹೆಸರು ಕಾಣುವ ಹಾಗೆ ರಿಪೋರ್ಟಿನ ಫೋಟೋ ಹೊಡೆದು ನೂರಾರು ಜನರಿರುವ ಗ್ರೂಪಿಗೆ ಹಾಕುವುದಕ್ಕೂ ಹೋಲಿಕೆಯೇ ಇಲ್ಲ. ಹೆಸರಿನ ಮೇಲೆ ಬೆರಳಿಟ್ಟು ಫೋಟೋ ತೆಗೆದರೂ ತಜ್ಞರ ಸಲಹೆ ಸಿಗುತ್ತದೆ.

ಸರ್ಕಾರವೇ ಜನರ ವಿವರ ಹೊರಗೆ ಬಿಟ್ಟಾಗ ಏನಾಗುತ್ತದೆ ಅನ್ನುವುದನ್ನು 2020ರಲ್ಲಿ ನಾವೆಲ್ಲ ನೋಡಿದ್ದೇವೆ. ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಮುದ್ರೆ ಒತ್ತಲಾಯಿತು. ಅವರ ಮನೆ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಲಾಯಿತು. ಅದು ಕ್ಷಣದಲ್ಲಿ ಎಲ್ಲರ ಫೋನಿಗೂ ಬಂತು. ಜುಲೈನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡಿನ ಶೀಟ್ ಹೊಡೆದು, ಆಮೇಲೆ ಬಿಬಿಎಂಪಿ ಆಯುಕ್ತರು ಕ್ಷಮೆ ಕೇಳಬೇಕಾಯಿತು. ಆ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಕ್ಷಮ ಅಧಿಕಾರಿಯ ನಿರ್ದೇಶನ ಇಲ್ಲದೆ ಕೋವಿಡ್ ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸಬಾರದು ಅಂತ ಹೇಳಿತು. ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ಜ್ವರ ಬಂದರೂ ಪರೀಕ್ಷೆ ಬೇಡ ಅಂತ ಬಾಗಿಲು ಹಾಕಿಕೊಂಡವರನ್ನು, ಉಸಿರು ಕಟ್ಟಿದ ಮೇಲೆ ಕರೆತಂದವರನ್ನು ನಾವು ಕಂಡೆವು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗೆ. ಪಟ್ಟಿಯನ್ನು ವೆಬ್‌ಸೈಟಿನಿಂದ ತೆಗೆಯಬಹುದು, ಜನರ ನೆನಪಿನಿಂದ ತೆಗೆಯಲಾಗುವುದಿಲ್ಲ.

ಕಾನೂನುಗಳಿಗೇನೂ ಕೊರತೆ ಇಲ್ಲ. ವೈದ್ಯರಿಗೆ 2002ರ ವೃತ್ತಿ ನಡತೆ ನಿಯಮಗಳಿವೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು ಹೊರಗೆ ಹಾಕಿದರೆ ಒಂದು ವರ್ಷದವರೆಗೆ ಜೈಲು ಅಂತ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಆ ಹಿರಿಯರು ದೇಶಕ್ಕೆಲ್ಲ ಕೊಡಿಸಿದ ಹಕ್ಕು ಅವರ ಸ್ವಂತ ರಾಜ್ಯದ ಓಪಿಡಿಯಲ್ಲಿ ಕಾಣಬೇಡವೇ?

ಹೊಸ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ, ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. 2023ರ ಕಾಯ್ದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ದತ್ತಾಂಶ ಕಾಪಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ, ಒಳ್ಳೆಯದೇ. ಆದರೆ ಅದು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೆ ಮಾತ್ರ. ಮಂಚಕ್ಕೆ ನೇತುಹಾಕಿದ ಕೇಸ್ ಶೀಟು, ಕಿಟಕಿಯಲ್ಲಿಟ್ಟ ಲ್ಯಾಬ್ ರಿಪೋರ್ಟಿನ ಕಟ್ಟು, ಕಾರಿಡಾರಿನಲ್ಲಿ ಕೂಗಿ ಹೇಳಿದ ಮಾತು ಅದರ ಕೈಗೆ ಸಿಗುವುದಿಲ್ಲ. ಇನ್ನೊಂದು ಬೇಸರ: 2011ರ ಐಟಿ ನಿಯಮಗಳು ಆರೋಗ್ಯದ ವಿವರವನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿಯೇ ನೋಡುತ್ತವೆ. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆ ಇಲ್ಲ. ಕೇಂದ್ರ ಬಿಟ್ಟ ಈ ಜಾಗವನ್ನು ರಾಜ್ಯ ತುಂಬಬಹುದು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲೇ ಇವೆ.

ಕಂಪ್ಯೂಟರಿನ ಕಡೆಯೂ ಸಣ್ಣ ಸಣ್ಣ ವಿಷಯಗಳೇ ಕಾಡುತ್ತವೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿರುತ್ತಾರೆ. ಒಂದೇ ಲಾಗಿನ್‌ನಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ, ಯಾರು ಯಾವ ದಾಖಲೆ ತೆರೆದರು ಅಂತ ಕೇಳಿದರೆ ಉತ್ತರ ಇಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಂಥ ಸಂಸ್ಥೆಯ ಸರ್ವರ್‌ಗಳಿಗೇ ಸೈಬರ್ ದಾಳಿಕೋರರು ಬೀಗ ಹಾಕಿದ್ದರು, ದಿನಗಟ್ಟಲೆ ಕಾಗದದ ಮೇಲೆ ಕೆಲಸ ನಡೆಯಿತು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು, ಹೆಂಗಸರನ್ನು ಪರೀಕ್ಷೆ ಮಾಡುವಾಗಿನ ದೃಶ್ಯಗಳು, ಇಂಟರ್‌ನೆಟ್ಟಿಗೆ ಬಂದವು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಹೆರಿಗೆ ಕೋಣೆಗಳಲ್ಲಿ, ಪರೀಕ್ಷೆ ಕೋಣೆಗಳಲ್ಲಿ ಎಲ್ಲೆಲ್ಲಿ ಕ್ಯಾಮೆರಾ ಇದೆ ಅಂತ ಒಮ್ಮೆ ಎಣಿಸಿ ತೆಗೆಸಿ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಅಭಾ ಕಾರ್ಡನ್ನೂ ರೋಗಿಯನ್ನು ಕೇಳಿಯೇ ಮಾಡಲಿ. ಅದು ಕಡ್ಡಾಯ ಅಲ್ಲ, ಆದರೆ ಕೌಂಟರಿನಲ್ಲಿ "ಆಧಾರ್ ಕೊಡಿ, ಒಟಿಪಿ ಹೇಳಿ" ಅಂದರೆ ರೋಗಿ ಯಾತಕ್ಕೆ ಅಂತ ತಿಳಿಯದೆಯೇ ಹೇಳಿಬಿಡುತ್ತಾರೆ.

ಒಂದು ಅನ್ಯಾಯದ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು. ರೋಗಿಯೇ ತನ್ನ ಕೇಸ್ ಶೀಟಿನ ಜೆರಾಕ್ಸ್ ಕೇಳಿದರೆ "ಅದು ಗೌಪ್ಯ, ಕೊಡೋಕಾಗಲ್ಲ" ಅನ್ನುವ ಆಸ್ಪತ್ರೆಗಳಿವೆ. ನನ್ನ ತಮ್ಮನ ಆಪರೇಷನ್ ದಾಖಲೆಗಾಗಿ ನಾನೇ ಒಂದು ಖಾಸಗಿ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆದಿದ್ದೇನೆ. ತಮ್ಮನೇ ಸಹಿ ಹಾಕಿದ ಅರ್ಜಿ ನನ್ನ ಕೈಯಲ್ಲೇ ಇತ್ತು. ಕೇಳಿದ 72 ಗಂಟೆಯೊಳಗೆ ರೋಗಿಗೆ ಅಥವಾ ಅವರು ಒಪ್ಪಿದವರಿಗೆ ದಾಖಲೆ ಕೊಡಬೇಕು ಅಂತ 2002ರ ನಿಯಮಗಳಲ್ಲೇ ಇದೆ. ರೋಗಿಯ ಗುಟ್ಟನ್ನು ರೋಗಿಯಿಂದಲೇ ಬಚ್ಚಿಡುವುದಕ್ಕೆ ಗೌಪ್ಯತೆ ನೆಪವಾಗಬಾರದು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಈ ಕಾನೂನುಗಳಲ್ಲಿ ಕೆಲವು ವೈದ್ಯರನ್ನಷ್ಟೇ ಉದ್ದೇಶಿಸಿವೆ. ಆದರೆ ರೋಗಿಯ ವಿವರ ದಿನವೂ ಎಷ್ಟು ಕೈ ದಾಟುತ್ತದೆ! ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್, ಗ್ರೂಪ್ ಡಿ ನೌಕರರು, ಸೆಕ್ಯೂರಿಟಿಯವರು, ವಿಮೆ ಡೆಸ್ಕಿನವರು, ಸ್ಕ್ಯಾನಿಂಗ್ ಸೆಂಟರಿನವರು. ಇವರಿಗೆ ಯಾರೂ ಕೂರಿಸಿ ಹೇಳಿಲ್ಲ. ಕೆಲಸಕ್ಕೆ ಸೇರುವ ದಿನವೇ ಕನ್ನಡದಲ್ಲಿ, ಒಂದು ಪುಟದಲ್ಲಿ, ಏನು ಹೇಳಬಾರದು ಅಂತ ಬರೆದು ಓದಿಸಿ ಸಹಿ ತೆಗೆದುಕೊಳ್ಳಿ. ಡಾಕ್ಟರ ಮೇಜಿನ ಹತ್ತಿರ ಒಂದು ಸಲಕ್ಕೆ ಒಬ್ಬರೇ ಅನ್ನುವ ನಿಯಮ ಮಾಡಿ. ಅದಕ್ಕೆ ಬಾಗಿಲಲ್ಲಿ ಒಬ್ಬರು ನಿಲ್ಲಬೇಕು, ಆ ಒಬ್ಬರನ್ನು ಕೊಡಿ. ಪರೀಕ್ಷೆ ಮಂಚಕ್ಕೆ ಪರದೆ ಕೊಡಿ. ಪರದೆ ಒಗೆಯಲು ಹೋಗಿ ವಾಪಸ್ ಬರದ ಆಸ್ಪತ್ರೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ, ಆದ್ದರಿಂದ ಎರಡು ಜೊತೆ ಕೊಡಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಇದು ಆಗುತ್ತದೆ. ಲ್ಯಾಬ್ ರಿಪೋರ್ಟನ್ನು ಮಡಚಿ, ಚೀಟಿ ನೋಡಿ, ಅವರವರ ಕೈಗೇ ಕೊಡಲಿ.

ಇದೆಲ್ಲ ನಡೆಯುತ್ತಿದೆಯೇ ಅಂತ ನೋಡಲು ಪ್ರತಿ ಆಸ್ಪತ್ರೆಯಲ್ಲೂ ಹೆಸರು ಹಿಡಿದು ಹೇಳಬಹುದಾದ ಒಬ್ಬರು ಬೇಕು. ಇದಕ್ಕೂ ದಾರಿ ಇದೆ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಬೇಕು ಅಂತ ಎಚ್‌ಐವಿ ಕಾಯ್ದೆ ಈಗಾಗಲೇ ಹೇಳಿದೆ. ಅದೇ ಅಧಿಕಾರಿಗೆ ಎಲ್ಲ ರೋಗಿಗಳ ಖಾಸಗಿತನದ ದೂರನ್ನೂ ವಹಿಸಿ. ಅವರ ಹೆಸರು, ಫೋನ್ ನಂಬರನ್ನು ಓಪಿಡಿ ಗೋಡೆಯ ಮೇಲೆ ಬರೆಸಿ. ಖಾಸಗಿ ಆಸ್ಪತ್ರೆಗಳ ದೂರು ಕೇಳಲು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ರೋಗಿಯ ಗುಟ್ಟು ಬಯಲಾದ ದೂರನ್ನೂ ಅಲ್ಲಿ ಕೊಡಬಹುದು ಅಂತ ಜನರಿಗೆ ಗೊತ್ತೇ ಇಲ್ಲ. ಅದನ್ನೂ ಅದೇ ಗೋಡೆಯ ಮೇಲೆ ಬರೆಸಿ.

ಇದಕ್ಕೆಲ್ಲ ಸುತ್ತೋಲೆಯ ಕರಡು ತಯಾರಿಸುವಾಗ ವಾರ್ಡಿನಲ್ಲಿ ದುಡಿಯುವ ಸಿಸ್ಟರ್‌ಗಳನ್ನು, ಆಶಾ ಕಾರ್ಯಕರ್ತೆಯರನ್ನು, ಎಆರ್‌ಟಿ ಕೇಂದ್ರಕ್ಕೂ ಮನೋಚೈತನ್ಯಕ್ಕೂ ಬರುವ ರೋಗಿಗಳನ್ನು ಕರೆದು ಕೇಳಿ. ಕರೆದರೆ ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ